ಕಾನೂನಿನಲ್ಲೂ ‘ಬಗ್’ ಇರುತ್ತೆ!

ಸಂಸತ್ತಿನಲ್ಲಿ ಮಂಡನೆಯಾಗುವ ತಿದ್ದುಪಡಿ ಮಸೂದೆಯೊಂದನ್ನು ಯಾವತ್ತಾದರೂ ತೆರೆದು ನೋಡಿದ್ದೀರಾ? ‘ಮೂಲ ಅಧಿನಿಯಮದ ಇಂಥ ಪ್ರಕರಣದಲ್ಲಿ, ಇಂಥ ಪದಗಳ ಬದಲಿಗೆ ಇಂಥ ಪದಗಳನ್ನು ಪ್ರತಿಯೋಜಿಸತಕ್ಕದ್ದು’ ಎನ್ನುವ ಧಾಟಿಯಲ್ಲೇ ಪುಟಗಟ್ಟಲೆ ಸಾಗುತ್ತದೆ. ಯಾಕೆ ಬದಲಿಸುತ್ತಿದ್ದಾರೆ, ಬದಲಿಸಿದರೆ ಯಾರಿಗೆ ಏನಾಗುತ್ತದೆ ಎಂಬುದು ಮಾತ್ರ ತಲೆಬುಡ ಅರ್ಥವಾಗುವುದಿಲ್ಲ.

ಡಿಗ್ರಿ ಮುಗಿಸಿ ಕೆಎಎಸ್‌ಗೆ ಓದುತ್ತಿರುವ ನನ್ನ ರೂಮ್‌ಮೇಟ್ ಇಂಥದ್ದೊಂದು ಪುಟವನ್ನು ನನ್ನ ಮುಂದೆ ಹಿಡಿದು, ‘ನೀನು ಕೋಡ್ ಬರೆಯೋನು ತಾನೇ, ಇದನ್ನ ಬಿಡಿಸಿ ಹೇಳು ನೋಡೋಣ’ ಅಂದ. ನಾನು ಓದುತ್ತಿರುವುದು ಬಿಇ ಕಂಪ್ಯೂಟರ್ ಸೈನ್ಸ್. ಆದರೆ ಎರಡು ಮೂರು ಮಸೂದೆ ಓದುವಷ್ಟರಲ್ಲಿ ಒಂದು ವಿಷಯ ಹೊಳೆಯಿತು. ತಿದ್ದುಪಡಿ ಮಸೂದೆ ಅಂದರೆ ನಮ್ಮ ಭಾಷೆಯಲ್ಲಿ ಒಂದು ‘ಪ್ಯಾಚ್’. ಇಡೀ ಪ್ರೋಗ್ರಾಂ ಅದರಲ್ಲಿರುವುದಿಲ್ಲ. ಯಾವ ಸಾಲಿನಲ್ಲಿ ಏನನ್ನು ಅಳಿಸಬೇಕು, ಏನನ್ನು ಸೇರಿಸಬೇಕು ಎಂಬ ಸೂಚನೆ ಮಾತ್ರ ಇರುತ್ತದೆ. ಮೂಲ ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಓದಿದರೆ ಯಾರಿಗೂ ಅರ್ಥವಾಗದು.

ಅವನು ತೋರಿಸಿದ್ದು 2021ರ ಮಾದಕ ವಸ್ತುಗಳ ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆಯ ತಿದ್ದುಪಡಿ. ಬದಲಾಗಿದ್ದು ಬರೀ ಒಂದು ಅಕ್ಷರ! ‘8ಎ’ ಎಂದಿದ್ದ ಕಡೆ ‘8ಬಿ’. ಒಂದಕ್ಷರ ಬದಲಿಸಲು ಸುಗ್ರೀವಾಜ್ಞೆ, ಮಸೂದೆ, ಎರಡೂ ಸದನಗಳಲ್ಲಿ ಚರ್ಚೆ ಯಾಕೆ ಬೇಕಾಯಿತು?

ಕಥೆ ಹೀಗಿದೆ. 1985ರ ಈ ಕಾಯ್ದೆಯ 2ನೇ ಸೆಕ್ಷನ್ ತುಂಬ ವ್ಯಾಖ್ಯಾನಗಳಿವೆ. ಅದರ 8ಎ ಖಂಡ ‘ಅಕ್ರಮ ಸಾಗಾಟ’ ಎಂದರೇನು ಎಂದು ಐದು ಉಪಖಂಡಗಳಲ್ಲಿ ಹೇಳುತ್ತಿತ್ತು. ಮುಂದೆ 27ಎ ಸೆಕ್ಷನ್‌ನಲ್ಲಿ, ‘8ಎ ಖಂಡದ ಐದು ಉಪಖಂಡಗಳಲ್ಲಿ ಹೇಳಿದ ಚಟುವಟಿಕೆಗಳಿಗೆ ಹಣ ಒದಗಿಸುವವರಿಗೆ, ಅದರಲ್ಲಿ ತೊಡಗಿದವರಿಗೆ ಆಶ್ರಯ ಕೊಡುವವರಿಗೆ ಶಿಕ್ಷೆ’ ಎಂದಿತ್ತು. ಶಿಕ್ಷೆ ಸಣ್ಣದಲ್ಲ. ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಸಜೆ. ಈ ಸೆಕ್ಷನ್ ಬಿತ್ತೆಂದರೆ ಜಾಮೀನು ಸಿಗುವುದೂ ಬಹಳ ಕಷ್ಟ.

2014ರಲ್ಲಿ ಒಂದು ಒಳ್ಳೆಯ ಉದ್ದೇಶದ ತಿದ್ದುಪಡಿ ಬಂತು. ನೋವಿನಿಂದ ನರಳುವ ರೋಗಿಗಳಿಗೆ ಮಾರ್ಫಿನ್‌ನಂಥ ಔಷಧಗಳು ಸುಲಭವಾಗಿ ಸಿಗಲಿ ಎಂದು ‘ಅಗತ್ಯ ಮಾದಕ ಔಷಧ’ ಎಂಬ ಹೊಸ ವ್ಯಾಖ್ಯಾನ ಸೇರಿಸಿದರು. ಅದಕ್ಕೆ 8ಎ ಎಂಬ ಜಾಗ ಕೊಟ್ಟು, ಹಳೆಯ 8ಎಯನ್ನು 8ಬಿ ಎಂದು ಕೆಳಗೆ ಸರಿಸಿದರು. ಆದರೆ 27ಎಯಲ್ಲಿ 8ಎ ಹಾಗೇ ಉಳಿಯಿತು. ವೇರಿಯಬಲ್‌ಗೆ ಹೊಸ ಹೆಸರಿಟ್ಟು, ಅದನ್ನು ಕರೆಯುವ ಫಂಕ್ಷನ್‌ನಲ್ಲಿ ಹಳೆಯ ಹೆಸರನ್ನೇ ಬಿಟ್ಟ ಹಾಗೆ. ಅಂದರೆ ಶಿಕ್ಷೆ ಹೇಳುವ ಸೆಕ್ಷನ್ ಈಗ ಔಷಧದ ವ್ಯಾಖ್ಯಾನದ ಕಡೆ ಬೆರಳು ತೋರುತ್ತಿತ್ತು. ಅಲ್ಲಿ ಐದು ಉಪಖಂಡಗಳೇ ಇಲ್ಲ!

ನಮ್ಮ ಲ್ಯಾಬ್‌ನಲ್ಲಾದರೆ ಕಂಪೈಲರ್ ತಕ್ಷಣ ಎರರ್ ತೋರಿಸುತ್ತದೆ. ಕಾನೂನಿಗೆ ಕಂಪೈಲರ್ ಇಲ್ಲ. ತಪ್ಪು ಗೊತ್ತಾಗುವುದು ಯಾರೋ ಒಬ್ಬರು ಕಟಕಟೆಯಲ್ಲಿ ನಿಂತಾಗ. ಇಲ್ಲೂ ಹಾಗೇ ಆಯಿತು. ವಿಷಯ ತ್ರಿಪುರಾ ಹೈಕೋರ್ಟ್ ತಲುಪಿ, ಇದನ್ನು ಸರಿಪಡಿಸಿ ಎಂದು 2021ರ ಜೂನ್‌ನಲ್ಲಿ ಅದು ಕೇಂದ್ರಕ್ಕೆ ಸೂಚಿಸಿತು. ಸೆಪ್ಟೆಂಬರ್ 30ರಂದು ಸುಗ್ರೀವಾಜ್ಞೆ ಬಂತು, ಡಿಸೆಂಬರ್‌ನಲ್ಲಿ ಮಸೂದೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿತು. ಮಸೂದೆಯನ್ನು ಮಂಡಿಸಿದವರು ಆಗ ಕರ್ನಾಟಕದಿಂದಲೇ ರಾಜ್ಯಸಭೆಯಲ್ಲಿದ್ದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ನಿಜವಾದ ಜಗಳ ಇದ್ದದ್ದು ತಾರೀಖಿನಲ್ಲಿ. ತಿದ್ದಿದ್ದು 2021ರಲ್ಲಿ, ಜಾರಿಯಾಗಿದ್ದು 2014ರ ಮೇ 1ರಿಂದ! ಸಂವಿಧಾನದ 20(1)ನೇ ವಿಧಿಯ ಪ್ರಕಾರ, ಕೃತ್ಯ ಎಸಗಿದ ಹೊತ್ತಿಗೆ ಜಾರಿಯಲ್ಲಿದ್ದ ಕಾನೂನಿನಡಿ ಮಾತ್ರ ಒಬ್ಬನನ್ನು ಅಪರಾಧಿ ಎನ್ನಬಹುದು. ಹಾಗಾದರೆ ಆ ಏಳು ವರ್ಷ ಸೆಕ್ಷನ್ ಖಾಲಿಯಾಗಿತ್ತಲ್ಲ, ಆಗಿನ ಕೃತ್ಯಕ್ಕೆ ಈಗ ಶಿಕ್ಷೆ ಹೇಗೆ ಎಂಬುದು ವಿರೋಧಿಸಿದವರ ಪ್ರಶ್ನೆ. ಹೊಸ ಅಪರಾಧವನ್ನೇನೂ ಸೃಷ್ಟಿಸುತ್ತಿಲ್ಲ, ಸಂಸತ್ತಿನ ಉದ್ದೇಶ ಮೊದಲಿನಿಂದ ಇದೇ ಆಗಿತ್ತು, ಬರವಣಿಗೆಯ ದೋಷವನ್ನಷ್ಟೇ ಸರಿಪಡಿಸಿದ್ದೇವೆ ಎಂಬುದು ಸರ್ಕಾರದ ಉತ್ತರ. ಎರಡೂ ವಾದಗಳಲ್ಲಿ ಹುರುಳಿದೆ. ಆದರೆ ಹತ್ತು ವರ್ಷದ ಜೈಲು ಒಂದಕ್ಷರದ ಮೇಲೆ ನಿಂತಿರುವಾಗ ‘ಇದು ಬರೀ ತಾಂತ್ರಿಕ ತಿದ್ದುಪಡಿ’ ಎಂಬ ಮಾತನ್ನು ಕಣ್ಣುಮುಚ್ಚಿ ಒಪ್ಪಲು ನನಗಂತೂ ಮನಸ್ಸಾಗುವುದಿಲ್ಲ.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಅಮೆರಿಕದ ಫೆಡರಲ್ ಕಾನೂನುಗಳಲ್ಲಿ ಇಂಥ ರಿಪೇರಿಗೆ ‘ಟೆಕ್ನಿಕಲ್ ಕರೆಕ್ಷನ್ಸ್’ ಎಂಬ ಹೆಸರೇ ಇದೆ. 2017ರ ಡಿಸೆಂಬರ್‌ನಲ್ಲಿ ಅವಸರದಲ್ಲಿ ಪಾಸಾದ ದೊಡ್ಡ ತೆರಿಗೆ ಕಾಯ್ದೆಯಲ್ಲಿ, ಅಂಗಡಿ, ಹೋಟೆಲ್‌ಗಳ ಒಳಾಂಗಣ ನವೀಕರಣದ ಖರ್ಚನ್ನು 15 ವರ್ಷಗಳಲ್ಲಿ ಲೆಕ್ಕದಿಂದ ಕಳೆಯಲು ಬಿಡಬೇಕೆಂಬುದು ಸಂಸದರ ಉದ್ದೇಶವಾಗಿತ್ತು. ಆ ಸಾಲು ಅಂತಿಮ ಪಠ್ಯದಲ್ಲಿ ಬಿಟ್ಟುಹೋಯಿತು. ಪರಿಣಾಮ, ಅವಧಿ 39 ವರ್ಷವಾಯಿತು! ಎಲ್ಲರಿಗೂ ಗೊತ್ತಿದ್ದ ಈ ತಪ್ಪಿಗೆ ‘ರಿಟೇಲ್ ಗ್ಲಿಚ್’ ಎಂದು ಅಡ್ಡಹೆಸರೂ ಬಿತ್ತು. ಸರಿಯಾಗಿದ್ದು 2020ರ ಮಾರ್ಚ್‌ನಲ್ಲಿ, ಕೋವಿಡ್ ಪರಿಹಾರದ ಕಾಯ್ದೆಯೊಳಗೆ ಸೇರಿಕೊಂಡು. ಅದೂ ಹಿಂದಿನ ದಿನಾಂಕದಿಂದಲೇ ಜಾರಿ. ಆದರೆ ಅಲ್ಲಿ ಹಿಂದಕ್ಕೆ ಹೋಗಿದ್ದು ತೆರಿಗೆಯ ಲಾಭ. ಇಲ್ಲಿ ಜೈಲು ಶಿಕ್ಷೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಸರಿ, ನಾವು ಮಸೂದೆ ಓದುವುದು ಹೇಗೆ? ನಾನು ಕಂಡುಕೊಂಡ ಕ್ರಮ ಇದು. ಹಿಂದಿನಿಂದ ಶುರು ಮಾಡಿ. ಖಂಡಗಳು ಮುಗಿದ ಮೇಲೆ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಇರುತ್ತದೆ. ಮಸೂದೆ ಯಾಕೆ ಬಂತು ಎಂದು ಸರ್ಕಾರ ತನ್ನ ಮಾತಿನಲ್ಲೇ ಹೇಳುವ ಜಾಗ ಅದು. ಕೊನೆಯ ಅನುಬಂಧದಲ್ಲಿ ಈಗಿರುವ ಕಾಯ್ದೆಯ ಸಂಬಂಧಪಟ್ಟ ಭಾಗಗಳನ್ನು ಕೊಟ್ಟಿರುತ್ತಾರೆ. ಅದನ್ನು ಒಂದು ಕಡೆ, ತಿದ್ದುಪಡಿಯನ್ನು ಇನ್ನೊಂದು ಕಡೆ ಇಟ್ಟುಕೊಂಡು ಹೊಸ ಸಾಲನ್ನು ನೀವೇ ಪೂರ್ತಿಯಾಗಿ ಬರೆದು ನೋಡಿ. ಆಮೇಲೆ ಮೊದಲ ಖಂಡಕ್ಕೆ ಬನ್ನಿ, ಯಾವತ್ತಿನಿಂದ ಜಾರಿ ಎಂದು ನೋಡಿ. ‘ನಿಯಮಿಸಬಹುದಾದಂತೆ’ ಎಂಬ ಪದ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅಡಿಗೆರೆ ಹಾಕಿ. ಆ ವಿವರವನ್ನು ಸಂಸತ್ತು ಬರೆದಿಲ್ಲ, ಮುಂದೆ ಸರ್ಕಾರ ನಿಯಮಗಳ ಮೂಲಕ ಬರೆಯುತ್ತದೆ ಎಂದರ್ಥ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ತಿಂಗಳಿಗೊಂದು ಮಸೂದೆಯನ್ನು ಹೀಗೆ ಬಿಡಿಸಿದರೆ, ಸುಗ್ರೀವಾಜ್ಞೆಯ 123ನೇ ವಿಧಿ, ಮೂಲಭೂತ ಹಕ್ಕುಗಳ 20ನೇ ವಿಧಿ ಎಲ್ಲವೂ ಬಾಯಿಪಾಠವಿಲ್ಲದೆ ತಲೆಯಲ್ಲಿ ಕೂರುತ್ತವೆ.

ಇನ್ನೊಂದು ಮಾತು. ಕರಡು ಮಸೂದೆಯನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು, ಅದರ ಮುಖ್ಯಾಂಶಗಳನ್ನು ಸರಳ ಭಾಷೆಯಲ್ಲಿ ವಿವರಿಸಬೇಕು ಎಂದು ಕೇಂದ್ರ ಸರ್ಕಾರವೇ 2014ರಲ್ಲಿ ನೀತಿಯೊಂದನ್ನು ಮಾಡಿದೆ. ಆದರೆ ಸರಳ ಭಾಷೆ ಎಂದರೆ ಯಾರ ಭಾಷೆ? 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ಕರಡು ಅಧಿಸೂಚನೆ ಇಂಗ್ಲಿಷ್, ಹಿಂದಿಯಲ್ಲಿ ಬಂದಾಗ, ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಹೊಲದ ಪಕ್ಕ ಬರುವ ಕಾರ್ಖಾನೆಯ ಬಗ್ಗೆ ಅಭಿಪ್ರಾಯ ಹೇಳಬೇಕಾದ ರೈತನಿಗೆ ಕರಡು ಅವನ ಭಾಷೆಯಲ್ಲಿ ಸಿಗದಿದ್ದರೆ ‘ಅಭಿಪ್ರಾಯ ಆಹ್ವಾನಿಸಲಾಗಿದೆ’ ಎಂಬ ಸಾಲಿಗೆ ಏನು ಅರ್ಥ?

ಸಾಫ್ಟ್‌ವೇರ್ ಲೋಕದಲ್ಲಿ ಒಂದು ನಂಬಿಕೆಯಿದೆ. ನೋಡುವ ಕಣ್ಣುಗಳು ಹೆಚ್ಚಿದಷ್ಟೂ ಬಗ್ ಬೇಗ ಸಿಗುತ್ತದೆ. ಆ ಒಂದಕ್ಷರ ಏಳು ವರ್ಷ ಎಲ್ಲರ ಕಣ್ಣೆದುರೇ ಇತ್ತು, ಗೆಜೆಟ್‌ನಲ್ಲಿ ಅಚ್ಚಾಗಿ. ಕಾನೂನು ಓದುವುದು ವಕೀಲರ ಕೆಲಸ ಎಂದು ನಾವು ಸುಮ್ಮನಿದ್ದರೆ ಮುಂದಿನ ಬಗ್ ಕೂಡ ಯಾರದೋ ಜಾಮೀನು ಅರ್ಜಿಯಲ್ಲೇ ಸಿಗುತ್ತದೆ. ಓದಲು ಬರುವವರು ಓದೋಣ, ಓದಿದ್ದನ್ನು ಪಕ್ಕದವರಿಗೆ ಕನ್ನಡದಲ್ಲಿ ಹೇಳೋಣ.