ಲ್ಯಾಪ್‌ಟಾಪ್ ಕೊಳ್ಳುವಾಗ ದೇಹದ ಮಾತನ್ನೂ ಕೇಳೋಣ

ಪದವಿ ಮತ್ತು ಡಿಪ್ಲೊಮಾ ತರಗತಿಗಳ ಪ್ರವೇಶ ಮುಗಿಯುತ್ತಿದ್ದಂತೆ ಅನೇಕ ಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತದೆ. ಮಗನಿಗೋ ಮಗಳಿಗೋ ಲ್ಯಾಪ್‌ಟಾಪ್ ಕೊಡಿಸಬೇಕು, ಯಾವುದನ್ನು ಕೊಡಿಸುವುದು? ಬೆಲೆ ಎಷ್ಟು, ಕಂಪನಿ ಯಾವುದು, ಎಷ್ಟು ವರ್ಷದ ವಾರಂಟಿ ಎಂಬ ಪ್ರಶ್ನೆಗಳನ್ನು ಎಲ್ಲರೂ ಕೇಳುತ್ತಾರೆ. ಅದರ ತೂಕವೆಷ್ಟು, ದಿನಕ್ಕೆ ನಾಲ್ಕಾರು ಗಂಟೆ ಅದರ ಮುಂದೆ ಕುಳಿತುಕೊಳ್ಳುವ ಶರೀರಕ್ಕೆ ಅದು ಹೊಂದುವುದೇ ಎಂದು ಕೇಳುವವರು ವಿರಳ. ಯಂತ್ರ ನಾಲ್ಕೈದು ವರ್ಷಗಳಲ್ಲಿ ಹಳೆಯದಾಗುತ್ತದೆ, ಹೊಸದನ್ನು ಕೊಳ್ಳಬಹುದು. ಹೆಗಲು, ಕುತ್ತಿಗೆ, ಕಣ್ಣುಗಳನ್ನು ಹಾಗೆ ಬದಲಾಯಿಸಲಾಗದು. ಆದ್ದರಿಂದ ನಿತ್ಯದ ಬಳಕೆಗೆ ಹಗುರವಾದ ಲ್ಯಾಪ್‌ಟಾಪನ್ನು ಆರಿಸುವ ಬಗೆಯನ್ನು ಆರೋಗ್ಯದ ದೃಷ್ಟಿಯಿಂದ ಇಲ್ಲಿ ವಿವರಿಸಲಾಗಿದೆ.

ತೂಕದ ನಿಜವಾದ ಲೆಕ್ಕ

1981ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಸ್ಬೋರ್ನ್-1 ಎಂಬ ಕಂಪ್ಯೂಟರನ್ನು ‘ಹೊತ್ತೊಯ್ಯಬಹುದಾದ ಯಂತ್ರ’ ಎಂದು ಕರೆದರು. ಅದರ ತೂಕ ಸುಮಾರು 11 ಕೆ.ಜಿ.; ಗಾತ್ರ ಹೊಲಿಗೆ ಯಂತ್ರದಷ್ಟು. 2008ರಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರು ಕಾಗದದ ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ಎಂಬ ಲ್ಯಾಪ್‌ಟಾಪನ್ನು ಹೊರತೆಗೆದು ತೋರಿಸಿದಾಗ ಅದರ ತೂಕ 1.36 ಕೆ.ಜಿ. ಇತ್ತು. ಇಂದು ಒಂದು ಕೆ.ಜಿ.ಗಿಂತ ಕಡಿಮೆ ತೂಗುವವೂ ದೊರೆಯುತ್ತವೆ. ಸಾಮಾನ್ಯವಾಗಿ 13-14 ಅಂಗುಲದ ಹಗುರ ಯಂತ್ರಗಳು 1.2ರಿಂದ 1.5 ಕೆ.ಜಿ., 15.6 ಅಂಗುಲದವು 1.6ರಿಂದ 2 ಕೆ.ಜಿ., ಆಟಗಳಿಗಾಗಿಯೇ ತಯಾರಿಸಿದವು 2.2 ಕೆ.ಜಿ.ಗೂ ಹೆಚ್ಚು ತೂಗುತ್ತವೆ.

ಆದರೆ ಜಾಹೀರಾತಿನಲ್ಲಿ ಬರೆದಿರುವುದು ಯಂತ್ರವೊಂದರ ತೂಕ. ಹೆಗಲು ಹೊರುವುದು ಅಷ್ಟನ್ನೇ ಅಲ್ಲ. ಐವತ್ತು ಕೆ.ಜಿ. ತೂಕದ ವಿದ್ಯಾರ್ಥಿನಿಯೊಬ್ಬಳ ಚೀಲವನ್ನು ಊಹಿಸಿಕೊಳ್ಳೋಣ. ಲ್ಯಾಪ್‌ಟಾಪ್ 2.2 ಕೆ.ಜಿ., ಚಾರ್ಜರ್ ಅರ್ಧ ಕೆ.ಜಿ., ಪುಸ್ತಕಗಳು ಒಂದೂವರೆ ಕೆ.ಜಿ., ಒಂದು ಲೀಟರ್ ನೀರು ಒಂದು ಕೆ.ಜಿ., ಊಟದ ಡಬ್ಬಿ ಅರ್ಧ ಕೆ.ಜಿ., ಖಾಲಿ ಚೀಲವೇ 0.8 ಕೆ.ಜಿ. ಒಟ್ಟು ಆರೂವರೆ ಕೆ.ಜಿ. ಕೇಂದ್ರ ಸರ್ಕಾರದ 2020ರ ಶಾಲಾ ಚೀಲ ನೀತಿಯು, ಚೀಲದ ಭಾರ ಮಗುವಿನ ತೂಕದ ಶೇ. 10ನ್ನು ಮೀರಬಾರದು ಎನ್ನುತ್ತದೆ. ಕಾಲೇಜಿನವರಿಗೆ ಅಂಥ ನಿಯಮವಿಲ್ಲದಿದ್ದರೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಹಿತಕರ. ಈ ವಿದ್ಯಾರ್ಥಿನಿಗೆ ಐದು ಕೆ.ಜಿ. ಮಿತಿಯಾಗಬೇಕು. 1.3 ಕೆ.ಜಿ.ಯ ಲ್ಯಾಪ್‌ಟಾಪ್ ಮತ್ತು 300 ಗ್ರಾಂನ ಚಾರ್ಜರ್ ಆರಿಸಿಕೊಂಡರೆ 1.1 ಕೆ.ಜಿ. ಇಳಿಯುತ್ತದೆ. ನೀರನ್ನು ಅರ್ಧ ಲೀಟರಿಗೆ ಇಳಿಸಿ ಕಾಲೇಜಿನಲ್ಲಿ ಮತ್ತೆ ತುಂಬಿಸಿಕೊಂಡರೆ ಭಾರ ಮಿತಿಯೊಳಗೆ ಬರುತ್ತದೆ.

ಮನೆಯಲ್ಲಿ ಇದನ್ನು ಅಳೆಯುವುದು ಸುಲಭ. ತೂಕದ ಯಂತ್ರದ ಮೇಲೆ ಮೊದಲು ಚೀಲ ಹೊತ್ತು, ಅನಂತರ ಚೀಲವಿಲ್ಲದೆ ನಿಂತರೆ ಅಂತರ ತಿಳಿಯುತ್ತದೆ. ಒಂದೇ ಹೆಗಲಿಗೆ ತೂಗುಹಾಕುವ ಚೀಲಕ್ಕಿಂತ ಎರಡೂ ಹೆಗಲಿಗೆ ಪಟ್ಟಿಗಳಿರುವ ಚೀಲವೇ ಮೇಲು. ಒಂದು ಹೆಗಲಿಗೆ ಭಾರ ಬಿದ್ದಾಗ ಅದು ಜಾರದಂತೆ ತಡೆಯಲು ಆ ಹೆಗಲು ಮೇಲಕ್ಕೇಳುತ್ತದೆ, ಬೆನ್ನುಮೂಳೆ ಎದುರು ಬದಿಗೆ ವಾಲುತ್ತದೆ. ದಿನನಿತ್ಯದ ಕುತ್ತಿಗೆ ಬಿಗಿತಕ್ಕೆ ಇದೂ ಒಂದು ಕಾರಣ. ಲ್ಯಾಪ್‌ಟಾಪನ್ನು ಚೀಲದಲ್ಲಿ ಬೆನ್ನಿಗೆ ಅತಿ ಸಮೀಪದ ಖಾನೆಯಲ್ಲಿ ಇಡಬೇಕು. ಭಾರ ಬೆನ್ನಿನಿಂದ ದೂರ ಸರಿದಷ್ಟೂ ಅದು ದೇಹವನ್ನು ಹಿಂದಕ್ಕೆಳೆಯುತ್ತದೆ.

ಹಗುರತನ ಬರುವುದು ಎಲ್ಲಿಂದ?

ಹಗುರ ಯಂತ್ರವೆಂದರೆ ದುರ್ಬಲ ಯಂತ್ರವೆಂಬ ಶಂಕೆ ಹಲವರಲ್ಲಿದೆ. ಅದು ಪೂರ್ತಿ ನಿಜವಲ್ಲ. ಒಳಗೆ ತಿರುಗುವ ಹಾರ್ಡ್ ಡಿಸ್ಕಿನ ಬದಲು ಚಿಪ್ಪುಗಳಿಂದಾದ ಎಸ್‌ಎಸ್‌ಡಿ ಬಂದಿರುವುದರಿಂದ ತೂಕ ಇಳಿದಿದೆ, ವೇಗ ಹೆಚ್ಚಿದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗಗಳೇ ಇಲ್ಲದ ಕಾರಣ ಬಸ್ಸಿನ ಕುಲುಕಾಟಕ್ಕೂ ಅದು ಹೆದರುವುದಿಲ್ಲ. ಇನ್ನೊಂದು ಕಾರಣ ಪ್ರೊಸೆಸರ್. ಇಂಟೆಲ್ ಪ್ರೊಸೆಸರುಗಳ ಹೆಸರಿನ ಕೊನೆಯಲ್ಲಿ ‘ಯು’ ಅಕ್ಷರವಿದ್ದರೆ ಅದು ಸುಮಾರು 15 ವ್ಯಾಟ್‌ನ ಮಿತವ್ಯಯಿ. ‘ಎಚ್’ ಇದ್ದರೆ ಸುಮಾರು 45 ವ್ಯಾಟ್ ಬಳಸುವಂಥದ್ದು. ವಿದ್ಯುತ್ ಕಡಿಮೆ ಬಳಸಿದರೆ ಶಾಖ ಕಡಿಮೆ. ಶಾಖ ಕಡಿಮೆಯಾದರೆ ಫ್ಯಾನು ಚಿಕ್ಕದು, ಚಾರ್ಜರ್ ಚಿಕ್ಕದು. ಬರವಣಿಗೆ, ಲೆಕ್ಕಪತ್ರ, ಬ್ಯಾಂಕ್ ವ್ಯವಹಾರ, ಪಾಠ ಕೇಳುವುದು, ವಿಡಿಯೊ ನೋಡುವುದು ಮುಂತಾದ ನಿತ್ಯದ ಕೆಲಸಗಳಿಗೆ ಮೊದಲ ಬಗೆಯದೇ ಧಾರಾಳವಾಗಿ ಸಾಕು. ಎಂಜಿನಿಯರಿಂಗ್ ವಿನ್ಯಾಸ, ವಿಡಿಯೊ ಸಂಕಲನ ಇವುಗಳಿಗೆ ಮಾತ್ರ ಹೆಚ್ಚಿನ ಶಕ್ತಿ ಬೇಕಾಗಬಹುದು. ಕಾಲೇಜಿನಲ್ಲಿ ವಿಚಾರಿಸಿ ನಿರ್ಧರಿಸಬೇಕು.

ಎರಡು ಕಡೆ ಎಚ್ಚರ ಅಗತ್ಯ. ಕೆಲವು ಯಂತ್ರಗಳು ಚಿಕ್ಕ ಬ್ಯಾಟರಿ ಹಾಕಿ ತೂಕ ಇಳಿಸಿರುತ್ತವೆ. ಅಂಥದ್ದನ್ನು ಕೊಂಡರೆ ಚಾರ್ಜರನ್ನು ದಿನವೂ ಹೊರಬೇಕಾಗಿ, ಉಳಿಸಿದ ಭಾರ ಮರಳಿ ಹೆಗಲೇರುತ್ತದೆ. ಬ್ಯಾಟರಿಯ ಶಕ್ತಿಯನ್ನು ವ್ಯಾಟ್-ಅವರ್ ಎಂಬ ಮಾನದಲ್ಲಿ ಹೇಳುತ್ತಾರೆ. 50ರ ಆಸುಪಾಸಿನಲ್ಲಿದ್ದರೆ ಮಿತವ್ಯಯಿ ಯಂತ್ರಕ್ಕೆ ಕಾಲೇಜಿನ ಒಂದು ದಿನದ ಕೆಲಸಕ್ಕೆ ಬಹುಮಟ್ಟಿಗೆ ಸಾಕಾಗುತ್ತದೆ. ಎರಡನೆಯದಾಗಿ, ಹಗುರ ಯಂತ್ರಗಳಲ್ಲಿ ರ‍್ಯಾಮ್ ಅನ್ನು ಹಲವು ವೇಳೆ ಒಳಗೇ ಬೆಸೆದಿರುತ್ತಾರೆ. ಮುಂದೆ ಹೆಚ್ಚಿಸಲು ಬರುವುದಿಲ್ಲ. ಆದಕಾರಣ ಕೊಳ್ಳುವಾಗಲೇ ಕನಿಷ್ಠ 8 ಜಿಬಿ, ಸಾಧ್ಯವಾದರೆ 16 ಜಿಬಿ ಇರುವುದನ್ನು ಆರಿಸಬೇಕು.

ಹೊರುವ ಭಾರಕ್ಕಿಂತ ಬಾಗುವ ಭಾರ ದೊಡ್ಡದು

ಇಲ್ಲಿಯವರೆಗಿನದು ಹೆಗಲಿನ ವಿಚಾರ. ಆದರೆ ಲ್ಯಾಪ್‌ಟಾಪಿನಿಂದ ಶರೀರಕ್ಕಾಗುವ ಹೆಚ್ಚಿನ ತೊಂದರೆ ಹೊರುವಾಗ ಅಲ್ಲ, ಕುಳಿತಾಗ. ಕಾರಣ ಅದರ ರಚನೆಯಲ್ಲೇ ಇದೆ. ಪರದೆ ಕಣ್ಣಿನ ಮಟ್ಟದಲ್ಲಿರಬೇಕು, ಕೀಲಿಮಣೆ ಮೊಣಕೈ ಮಟ್ಟದಲ್ಲಿರಬೇಕು. ಲ್ಯಾಪ್‌ಟಾಪಿನಲ್ಲಿ ಇವೆರಡೂ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಅನುಕೂಲವಾಗುವಂತೆ ಇಟ್ಟರೆ ಕುತ್ತಿಗೆ ಬಾಗುತ್ತದೆ. ಕುತ್ತಿಗೆಗೆ ಅನುಕೂಲವಾಗುವಂತೆ ಎತ್ತರಿಸಿದರೆ ಹೆಗಲು ಮತ್ತು ಮಣಿಕಟ್ಟು ನೋಯುತ್ತವೆ. ಯಂತ್ರ ಚಿಕ್ಕದಾದಷ್ಟೂ ಈ ತೊಡಕು ಹೆಚ್ಚು, ಏಕೆಂದರೆ ಪರದೆ ಇನ್ನೂ ಕೆಳಗಿರುತ್ತದೆ, ಅಕ್ಷರಗಳು ಇನ್ನೂ ಸಣ್ಣಗಿರುತ್ತವೆ.

ನಮ್ಮ ತಲೆಯ ತೂಕ ಸುಮಾರು 5 ಕೆ.ಜಿ. ನೆಟ್ಟಗೆ ಕುಳಿತಾಗ ಕುತ್ತಿಗೆ ಅಷ್ಟನ್ನೇ ಹೊರುತ್ತದೆ. ನ್ಯೂಯಾರ್ಕಿನ ಬೆನ್ನುಮೂಳೆ ಶಸ್ತ್ರಚಿಕಿತ್ಸಕ ಡಾ. ಕೆನೆತ್ ಹನ್ಸರಾಜ್ ಅವರು 2014ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಂತೆ, ತಲೆ 15 ಡಿಗ್ರಿ ಮುಂದಕ್ಕೆ ಬಾಗಿದರೆ ಕುತ್ತಿಗೆಯ ಮೇಲಿನ ಒತ್ತಡ ಸುಮಾರು 12 ಕೆ.ಜಿ., 30 ಡಿಗ್ರಿಯಲ್ಲಿ 18 ಕೆ.ಜಿ., 60 ಡಿಗ್ರಿಯಲ್ಲಿ 27 ಕೆ.ಜಿ. ಆಗುತ್ತದೆ. ಇದು ಗಣಿತದ ಮಾದರಿಯಿಂದ ಪಡೆದ ಲೆಕ್ಕ. ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವಿರಬಹುದು. ಆದರೂ ಅದು ಹೇಳುವ ಮಾತು ಸ್ಪಷ್ಟವಾಗಿದೆ: ಚೀಲದಲ್ಲಿ ಒಂದು ಕೆ.ಜಿ. ಇಳಿಸಿದವರು ಮಂಚದ ಮೇಲೆ ಗೂನುಬೆನ್ನಾಗಿ ಮೂರು ಗಂಟೆ ಕುಳಿತರೆ ಅದರ ಹಲವು ಪಟ್ಟು ಭಾರವನ್ನು ಕುತ್ತಿಗೆಗೆ ಹೊರಿಸಿದಂತೆ.

ಪರಿಹಾರ ದುಬಾರಿಯಲ್ಲ. ಬೇರೆಯದೇ ಆದ ಒಂದು ಕೀಲಿಮಣೆ ಮತ್ತು ಮೌಸನ್ನು ಕೊಂಡು, ಲ್ಯಾಪ್‌ಟಾಪನ್ನು ಸ್ಟ್ಯಾಂಡಿನ ಮೇಲೆ, ಅದಿಲ್ಲದಿದ್ದರೆ ನಾಲ್ಕಾರು ದಪ್ಪ ಪುಸ್ತಕಗಳ ಮೇಲೆ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಇಡಬೇಕು. ಗಾಳಿಯ ಕಿಂಡಿಗಳು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಪರದೆ ಒಂದು ತೋಳಿನಷ್ಟು ದೂರದಲ್ಲಿರಲಿ, ಮೊಣಕೈ ಲಂಬಕೋನದಲ್ಲಿರಲಿ, ಪಾದಗಳು ನೆಲಕ್ಕೆ ಊರಿರಲಿ. ಹಗುರ ಯಂತ್ರ ದಾರಿಯಲ್ಲಿ ಉಪಕಾರಿ; ಈ ಏರ್ಪಾಡು ಮನೆಯಲ್ಲಿ ಉಪಕಾರಿ. ಎರಡನ್ನೂ ಸೇರಿಸಿಯೇ ಬೆಲೆಯ ಲೆಕ್ಕ ಹಾಕುವುದು ವಿವೇಕ.

ಕಣ್ಣು ಮತ್ತು ಚರ್ಮ

ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುತ್ತೇವೆ. ಪರದೆಯನ್ನು ದಿಟ್ಟಿಸುವಾಗ ಅದು ಐದರಿಂದ ಏಳಕ್ಕೆ ಇಳಿಯುತ್ತದೆ. ಕಣ್ಣು ಒಣಗಿ ಉರಿಯುವುದು ಇದರಿಂದಲೇ. ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡಬೇಕೆಂಬುದು ನೇತ್ರತಜ್ಞರು ಹೇಳುವ ಸರಳ ನಿಯಮ. ಕಿಟಕಿಯಾಚೆಯ ತೆಂಗಿನ ಮರವಾದರೂ ಸಾಕು.

ಪರದೆಯನ್ನು ಆರಿಸುವಾಗ ಹೊಳಪಿನದಕ್ಕಿಂತ ಹೊಳಪಿಲ್ಲದ ಮ್ಯಾಟ್ ಪರದೆಯೇ ಉತ್ತಮ. ಕಿಟಕಿಯ, ದೀಪದ ಪ್ರತಿಬಿಂಬ ಅದರಲ್ಲಿ ಕಾಡುವುದಿಲ್ಲ. ಬೆಳಕಿನ ಪ್ರಮಾಣ 300 ನಿಟ್ಸ್ ಇಲ್ಲವೇ ಹೆಚ್ಚಿದ್ದರೆ ಹಗಲು ಬೆಳಕಿನಲ್ಲೂ ಕಣ್ಣು ಕಿರಿದು ಮಾಡಬೇಕಾಗಿಲ್ಲ. ಸ್ಪಷ್ಟತೆ ಫುಲ್ ಎಚ್‌ಡಿಗಿಂತ ಕಡಿಮೆಯಿರಬಾರದು. ಪರದೆಯ ಅಳತೆಯನ್ನು ಪೆಟ್ಟಿಗೆಯ ಮೇಲೆ ಸೆಂಟಿಮೀಟರಿನಲ್ಲಿ ಮುದ್ರಿಸಿರುವುದುಂಟು; 35.56 ಸೆಂ.ಮೀ. ಎಂದರೆ 14 ಅಂಗುಲ. ಹೊರುವ ಅನುಕೂಲ ಮತ್ತು ಓದುವ ಅನುಕೂಲ ಎರಡಕ್ಕೂ ಈ ಗಾತ್ರ ಒಳ್ಳೆಯ ರಾಜಿ. ಖರೀದಿಯ ಜೊತೆಗೆ ‘ನೀಲಿ ಬೆಳಕು ತಡೆಯುವ’ ಕನ್ನಡಕವನ್ನೂ ಮಾರಲು ಬಂದರೆ ಯೋಚಿಸಿ. ಕಾಕ್ರೇನ್ ಸಂಸ್ಥೆಯು 17 ಪ್ರಯೋಗಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಂಥ ಕನ್ನಡಕದಿಂದ ಕಣ್ಣಿನ ಆಯಾಸ ಅಲ್ಪಾವಧಿಯಲ್ಲಿ ಕಡಿಮೆಯಾಗುವ ಸಂಭವವಿಲ್ಲ.

ಇನ್ನು ಹೆಸರಿನಲ್ಲಿ ‘ಲ್ಯಾಪ್’ ಎಂದರೆ ತೊಡೆ ಎಂದಿದ್ದರೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೆಚ್ಚು ಹೊತ್ತು ಕೆಲಸ ಮಾಡಬಾರದು. ಸುಡದಷ್ಟು ಬಿಸಿಯೂ ಪದೇ ಪದೇ ತಾಗಿದರೆ ಚರ್ಮದ ಮೇಲೆ ಬಲೆಯಂಥ ಕಂದು ಗೆರೆಗಳು ಮೂಡುತ್ತವೆ. ದಿನವೂ ತೊಡೆಯ ಮೇಲಿಟ್ಟು ಆಟವಾಡುತ್ತಿದ್ದ ಹನ್ನೆರಡು ವರ್ಷದ ಬಾಲಕನಲ್ಲಿ ಇದನ್ನು ಗುರುತಿಸಿದ ಸ್ವಿಟ್ಜರ್‌ಲೆಂಡಿನ ವೈದ್ಯರು 2010ರಲ್ಲಿ ಅದನ್ನು ದಾಖಲಿಸಿದ್ದಾರೆ. ಹಾಸಿಗೆ, ದಿಂಬುಗಳ ಮೇಲಿಟ್ಟರೆ ಗಾಳಿಯ ಕಿಂಡಿಗಳು ಮುಚ್ಚಿ ಶಾಖ ಇನ್ನೂ ಏರುತ್ತದೆ. ಬ್ಯಾಟರಿ ಉಬ್ಬಿ ಕೀಲಿಮಣೆ ಎದ್ದಂತೆ ಕಂಡರೆ ಬಳಕೆಯನ್ನು ಅಂದೇ ನಿಲ್ಲಿಸಿ ದುರಸ್ತಿಗಾರರಿಗೆ ತೋರಿಸಬೇಕು. ಚಾರ್ಜರ್ ಕೆಟ್ಟರೆ ಬೆಲೆ ಕಡಿಮೆಯೆಂದು ಹೆಸರಿಲ್ಲದ್ದನ್ನು ತರದೆ, ಬಿಐಎಸ್ ಗುರುತು ಇರುವುದನ್ನೇ ಕೊಳ್ಳಬೇಕು.

ಅಂಗಡಿಯಲ್ಲಿ ಹತ್ತು ನಿಮಿಷ

ಪರದೆಯ ಚಿತ್ರ ನೋಡಿ ಮರುಳಾಗುವ ಮೊದಲು, ಅದನ್ನು ಬಳಸುವವರೇ ಅಂಗಡಿಗೆ ಹೋಗಿ ಈ ಪರೀಕ್ಷೆಗಳನ್ನು ಮಾಡಲಿ.

1. ಯಂತ್ರವನ್ನು ಚಾರ್ಜರ್ ಸಮೇತ ಕೈಯಲ್ಲಿ ಹಿಡಿದು ಎರಡು ನಿಮಿಷ ನಿಲ್ಲಲಿ. ಸಂಖ್ಯೆ ಹೇಳದುದನ್ನು ತೋಳು ಹೇಳುತ್ತದೆ.

2. ಒಂದು ಪುಟದಷ್ಟು ಟೈಪ್ ಮಾಡಲಿ. ಕೀಲಿಗಳು ತೀರಾ ಗಟ್ಟಿಯಾಗಿದ್ದರೆ, ಇಕ್ಕಟ್ಟಾಗಿದ್ದರೆ ಬೆರಳು, ಮಣಿಕಟ್ಟು ಬೇಗ ದಣಿಯುತ್ತವೆ. ಬದಿಯಲ್ಲಿ ಅಂಕಿಗಳ ಪ್ರತ್ಯೇಕ ಪಟ್ಟಿಯಿರುವ ದೊಡ್ಡ ಯಂತ್ರಗಳಲ್ಲಿ ಅಕ್ಷರಗಳು ಎಡಕ್ಕೆ ಸರಿದಿರುವುದರಿಂದ ಮೈ ತಿರುಚಿ ಕೂರಬೇಕಾಗುತ್ತದೆ. ಲೆಕ್ಕಪತ್ರ ಬರೆಯುವವರಿಗೆ ಬಿಟ್ಟು ಉಳಿದವರಿಗೆ ಅದರ ಅಗತ್ಯ ಕಡಿಮೆ.

3. ದೀಪದ ಕೆಳಗೆ ಪರದೆಯನ್ನು ಓರೆಯಾಗಿ ನೋಡಿ, ಅಕ್ಷರ ಮಸುಕಾಗುವುದೇ ಎಂದು ಗಮನಿಸಲಿ.

4. ಹತ್ತು ನಿಮಿಷ ಚಾಲೂ ಇದ್ದ ಯಂತ್ರದ ಅಡಿಭಾಗ ಮುಟ್ಟಿ ಬಿಸಿ ಎಷ್ಟೆಂದು ತಿಳಿಯಲಿ.

ಯಾರಿಗೆ ಬೇಡ?

ಹಗುರತನಕ್ಕೆ ಬೆಲೆ ತೆರಬೇಕು. ಅದೇ ಸಾಮರ್ಥ್ಯದ ಭಾರವಾದ ಯಂತ್ರ ಸಾಮಾನ್ಯವಾಗಿ ಅಗ್ಗ. ಮನೆಬಿಟ್ಟು ಕದಲದ ಯಂತ್ರಕ್ಕೆ ಈ ಹೆಚ್ಚುವರಿ ಹಣ ವ್ಯರ್ಥ. ಮನೆಯಲ್ಲಿಯೇ ಪ್ರವಚನ ಕೇಳುವ, ದೂರದ ಮಕ್ಕಳೊಡನೆ ಮಾತನಾಡುವ ಹಿರಿಯರಿಗೆ ದೊಡ್ಡ ಅಕ್ಷರ ಕಾಣುವ 15.6 ಅಂಗುಲದ ಪರದೆಯೇ ಹಿತ. ಉಳಿದ ಹಣದಲ್ಲಿ ಒಂದು ಒಳ್ಳೆಯ ಕುರ್ಚಿ ಕೊಳ್ಳುವುದು ಲಾಭಕರ. ಪ್ರತಿದಿನ ಬಸ್ಸು ಹತ್ತಿ ಇಳಿಯುವ, ಮೆಟ್ಟಿಲು ಏರುವ ವಿದ್ಯಾರ್ಥಿಗಳು ಮತ್ತು ನೌಕರರಿಗೆ ಮಾತ್ರ ಹಗುರತನ ನಿಜವಾದ ಅಗತ್ಯ.

ಎಂಥ ಯಂತ್ರವೇ ಆದರೂ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದಕ್ಕೆ ಅದು ಪರ್ಯಾಯವಲ್ಲ. ಕುತ್ತಿಗೆ ನೋವು ಕೈಗೆ ಇಳಿದರೆ, ಬೆರಳುಗಳು ಜೋಮು ಹಿಡಿದರೆ, ತಲೆನೋವು ವಾರಗಟ್ಟಲೆ ಉಳಿದರೆ ಮುಲಾಮಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು. ಮಕ್ಕಳ ಕೈಗೆ ಲ್ಯಾಪ್‌ಟಾಪ್ ಕೊಡುವ ದಿನವೇ ಅದರೊಂದಿಗೆ ಕುಳಿತುಕೊಳ್ಳುವ ಕ್ರಮವನ್ನೂ ಕಲಿಸಿಕೊಡೋಣ. ಕಾಯಕಕ್ಕೆ ನೆರವಾಗಬೇಕಾದ ಉಪಕರಣ ಕಾಯಕ್ಕೆ ಭಾರವಾಗಬಾರದು.