ಪರಸಿ ಕಲ್ಲಿನ ನಾಡಿಗೆ ಎಂಥ ವಾಚು?

ಸೇಡಂ ತಾಲ್ಲೂಕಿನ ಆಡಕಿಯ ಸುತ್ತಮುತ್ತ ನೀರಾಟವೆಂದರೆ ಬಾವಿ ಈಜು. ಬೇಸಿಗೆ ರಜೆಯಲ್ಲಿ ಹುಡುಗರು ದಂಡೆಯ ಮೇಲಿಂದ ಧುಮುಕುತ್ತಾರೆ, ಮೆಟ್ಟಿಲು ಹತ್ತಿ ಬಂದು ಮತ್ತೆ ಧುಮುಕುತ್ತಾರೆ. ಒರಟು ಕೆಲಸಕ್ಕೂ ಇಲ್ಲಿ ಕೊರತೆಯಿಲ್ಲ. ಶಹಾಬಾದ್, ಚಿತ್ತಾಪುರದ ಕಡೆ ಪರಸಿ ಕಲ್ಲು (ಶಹಾಬಾದ್ ಕಲ್ಲೆಂಬ ಸುಣ್ಣಕಲ್ಲು) ಎಬ್ಬಿಸುವುದು, ಕೊಯ್ಯುವುದು. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಯ ಪಾಳಿ. ಎಲ್ಲೆಡೆ ತೊಗರಿ ರಾಶಿ. ಇಷ್ಟೆಲ್ಲ ತಾಳುವ ವಾಚು ಬೇಕೆಂದು ಅಂಗಡಿಗೆ ಹೋದರೆ ಮೊದಲು ತೋರಿಸುವುದು ಹಿಂದಿನ ಮುಚ್ಚಳದ ಮೇಲಿನ ಅಂಕಿಯನ್ನು: 30 ಮೀಟರ್, 50 ಮೀಟರ್, 100 ಮೀಟರ್. ಆ ಅಂಕಿಗೆ ನಾವು ಕೊಡುವ ಬೆಲೆ ಅತಿಯಾಯಿತೆಂದೇ ನನ್ನ ಅನಿಸಿಕೆ. ಈ ಸೀಮೆಯಲ್ಲಿ ವಾಚುಗಳನ್ನು ಹಾಳುಗೆಡವುವುದು ಬಿಸಿಲು ಮತ್ತು ಕಲ್ಲು.

ನೀರಿನಲ್ಲಿ ಹತ್ತು ಮೀಟರ್ ಕೆಳಗಿಳಿದರೆ ವಾಯುಭಾರದಷ್ಟು, ಅಂದರೆ ಸುಮಾರು ಒಂದು ಬಾರ್, ಒತ್ತಡ ಹೆಚ್ಚುತ್ತದೆ. 30 ಮೀಟರ್ ಎಂದು ಬರೆದ ವಾಚು ಪ್ರಯೋಗಾಲಯದಲ್ಲಿ ಮೂರು ಬಾರ್ ತಡೆದಿದೆ ಎಂದಾಯಿತು. ಹಾಗಿದ್ದರೂ ಅದನ್ನು ಕಟ್ಟಿಕೊಂಡು ಈಜಬಾರದು ಅನ್ನುತ್ತಾರಲ್ಲ, ಯಾಕೆ? ಕೈ ಬೀಸುವ ರಭಸಕ್ಕೆ ಒತ್ತಡ ಹತ್ತಾರು ಪಟ್ಟು ಏರುತ್ತದೆ ಎಂಬ ಉತ್ತರ ಎಲ್ಲರ ಬಾಯಲ್ಲಿದೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಆರು ಮೀಟರ್ ಎತ್ತರದಿಂದ ಬಾವಿಗೆ ಹಾರಿದವರು ಸೆಕೆಂಡಿಗೆ ಸುಮಾರು 11 ಮೀಟರ್ ವೇಗದಲ್ಲಿ ನೀರು ಮುಟ್ಟುತ್ತಾರೆ. ಆ ವೇಗ ವಾಚಿನ ಮೇಲೆ ಹೇರುವ ಒತ್ತಡ ಆರು ಮೀಟರ್ ಆಳದ ಒತ್ತಡಕ್ಕೆ ಸಮ. ಬಿದ್ದ ಎತ್ತರ ಎಷ್ಟೋ ಅಷ್ಟೇ ಆಳ. ಎರಡೂ ಗುರುತ್ವದ್ದೇ ಆಟ. ಈಜುವಾಗಿನ ಕೈಬೀಸಿನಿಂದ ಬರುವುದು ಒಂದೆರಡು ಮೀಟರಿನಷ್ಟು ಮಾತ್ರ. ಗಾಜು ಚಪ್ಪಟೆಯಾಗಿ ನೀರಿಗೆ ಅಪ್ಪಳಿಸಿದರೆ ಮೊದಲ ಪೆಟ್ಟು ಜೋರಾಗಿರುತ್ತದೆ ನಿಜ, ಆದರೆ ಅದು ಕಣ್ಣೆವೆ ಮಿಟುಕಿಸುವುದಕ್ಕಿಂತ ಬಹಳ ಮೊದಲೇ ಮುಗಿದಿರುತ್ತದೆ.

ಹಾಗಾದರೆ ನೀರು ಒಳಗೆ ಹೋಗುವುದು ಹೇಗೆ? ವಾಷರಿನ ಮೂಲಕ. ಹಿಂದಿನ ಮುಚ್ಚಳದ ಕೆಳಗೆ, ಗಾಜಿನ ಅಂಚಿನಲ್ಲಿ, ಮುಳ್ಳು ತಿರುಗಿಸುವ ತಿರುಪಿನ ಬುಡದಲ್ಲಿ ತೆಳು ವಾಷರುಗಳಿರುತ್ತವೆ, ಹೆಚ್ಚಾಗಿ ರಬ್ಬರಿನವು. ನೀರು ತಡೆಯುವ ಕೆಲಸವೆಲ್ಲ ಅವುಗಳದ್ದು. ರಬ್ಬರು ಒತ್ತಿದಾಗ ಹಿಗ್ಗಿ ಸಂದು ತುಂಬಬೇಕು, ಬಿಟ್ಟಾಗ ಹಿಂದಿರುಗಬೇಕು. ವರ್ಷಗಳ ಕಾಲ ಅದುಮಿಟ್ಟರೆ, ಅದರಲ್ಲೂ ಬಿಸಿಯಲ್ಲಿ, ಆ ಗುಣ ಕಳೆದುಕೊಂಡು ಗಡುಸಾಗುತ್ತದೆ. ಕಲಬುರಗಿ ಜಿಲ್ಲೆಯ ಮೇ ತಿಂಗಳ ಬಿಸಿಲನ್ನು ಯಾರಿಗೂ ಹೇಳಬೇಕಾಗಿಲ್ಲ. ನೆರಳಿನಲ್ಲೇ 42 ಡಿಗ್ರಿ ದಾಟುವ ದಿನ, ಹಾಸುಗಲ್ಲಿನ ಮೇಲೆ ಬಿಚ್ಚಿಟ್ಟ ವಾಚು 50 ಮೀರಿ ಕಾಯುವುದು ಸಹಜ.

ಅದನ್ನೇ ಕಟ್ಟಿಕೊಂಡು ಬಾವಿಗೆ ಹಾರಿದರೆ ಏನಾಗುತ್ತದೆ ನೋಡಿ. 50 ಡಿಗ್ರಿಯಿಂದ 27ಕ್ಕೆ ಇಳಿದಾಗ ಒಳಗಿನ ಗಾಳಿಯ ಒತ್ತಡ ಶೇಕಡಾ ಏಳರಷ್ಟು ಕುಸಿಯುತ್ತದೆ. ಅಂದರೆ ಮುಕ್ಕಾಲು ಮೀಟರ್ ನೀರಿನ ಒತ್ತಡದಷ್ಟು ಸೆಳೆತ ಒಳಗಿನಿಂದಲೇ ಹುಟ್ಟುತ್ತದೆ. ಇದು ದೊಡ್ಡ ಅಂಕಿಯಲ್ಲ, ಒಳ್ಳೆಯ ವಾಷರಿಗೆ ಲೆಕ್ಕಕ್ಕೇ ಇಲ್ಲ. ಆದರೆ ಅದೇ ಗಳಿಗೆಯಲ್ಲಿ ಲೋಹ, ಗಾಜು, ರಬ್ಬರು ಒಂದೊಂದೂ ತನ್ನದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಗಡುಸಾದ ರಬ್ಬರಿಗೆ ಆ ಸಂದನ್ನು ಹಿಂಬಾಲಿಸುವ ಶಕ್ತಿ ಇರುವುದಿಲ್ಲ. ಹೊಸ ವಾಚಿಗೆ ಆಗದ್ದು ನಾಲ್ಕು ಬೇಸಿಗೆ ಕಂಡ ವಾಚಿಗೆ ಆಗುವುದು ಹೀಗೆ. ಧುಮುಕುವ ಮುನ್ನ ವಾಚನ್ನು ಹತ್ತು ನಿಮಿಷ ನೆರಳಿನಲ್ಲಿಟ್ಟರೆ ಅಪಾಯ ಒಂದಿಷ್ಟು ತಗ್ಗುತ್ತದೆ.

ಸಾಮಾನ್ಯ ವಾಚುಗಳಿಗೆ ಐಎಸ್‌ಒ 22810 ಎಂಬ ಮಾನದಂಡವಿದೆ. ಅದರ ಪ್ರಕಾರ ಪ್ರತಿಯೊಂದು ವಾಚನ್ನೂ ಪರೀಕ್ಷಿಸಬೇಕಿಲ್ಲ, ತಯಾರಾದ ರಾಶಿಯಿಂದ ಕೆಲವನ್ನು ಆರಿಸಿ ನೋಡಿದರೆ ಸಾಕು. ಮುಳುಗುಗಾರರ ವಾಚುಗಳ ಐಎಸ್‌ಒ 6425 ಬಿಗಿಯಾದದ್ದು. ಕನಿಷ್ಠ 100 ಮೀಟರ್ ತಾಳಬೇಕು, ಪ್ರತಿ ವಾಚನ್ನೂ ಬರೆದ ಆಳಕ್ಕಿಂತ ಶೇಕಡಾ 25ರಷ್ಟು ಹೆಚ್ಚಿನ ಒತ್ತಡದಲ್ಲಿ ಒತ್ತಿ ನೋಡಬೇಕು. 40 ಡಿಗ್ರಿ ನೀರಿನಿಂದ 5 ಡಿಗ್ರಿ ನೀರಿಗೆ, ಮತ್ತೆ 40ಕ್ಕೆ ಹಾಕುವ ಪರೀಕ್ಷೆಯೂ ಅದರಲ್ಲಿದೆ. ನಮ್ಮ ಬಾವಿ ಈಜಿಗೆ ಮುಳುಗುಗಾರರ ವಾಚು ಬೇಕಿಲ್ಲ. 100 ಮೀಟರ್ ಎಂದು ಬರೆದಿರುವ ಸಾದಾ ವಾಚು ಸಾಕು, ವಾಷರು ಹದವಾಗಿರುವವರೆಗೆ.

ಇನ್ನು ಪೆಟ್ಟಿನ ಮಾತು. ಒಂದು ಮೀಟರ್ ಎತ್ತರದಿಂದ ಗಟ್ಟಿಮರದ ನೆಲಕ್ಕೆ ಬಿದ್ದರೆ ತಾಳಬೇಕು ಎಂಬುದು ಆಘಾತದ ಮಾನದಂಡದ ತಿರುಳು. ಪರಸಿ ಕಲ್ಲು ಮರದಷ್ಟು ದಯೆ ತೋರುವುದಿಲ್ಲ. ಬೀಳುವ ವಸ್ತು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಪೆಟ್ಟು ನಿಂತಿದೆ. ಒಂದು ಮೀಟರ್ ಬಿದ್ದು ಒಂದು ಮಿಲಿಮೀಟರಿನಲ್ಲಿ ನಿಂತರೆ ಗುರುತ್ವದ ಸಾವಿರ ಪಟ್ಟು, ಮೆತ್ತನೆಯ ಕವಚ ಐದು ಮಿಲಿಮೀಟರ್ ಜಾಗ ಕೊಟ್ಟರೆ ಇನ್ನೂರು ಪಟ್ಟು. ಜಪಾನಿನ ಕ್ಯಾಸಿಯೊ ಕಂಪನಿಯ ಎಂಜಿನಿಯರ್ ಕಿಕುವೊ ಇಬೆ ಅಪ್ಪ ಕೊಡಿಸಿದ್ದ ವಾಚು ಬಿದ್ದು ಒಡೆದ ಮೇಲೆ ಈ ಲೆಕ್ಕದ ಬೆನ್ನು ಹತ್ತಿದರು. ಇನ್ನೂರರಷ್ಟು ಮಾದರಿಗಳನ್ನು ಮೇಲಿನಿಂದ ಕೆಡವಿ ನೋಡಿದ ನಂತರ, ಪುಟಿಯುವ ಚೆಂಡಿನ ನಡುವೆ ತೇಲುತ್ತಿರುವಂತೆ ಯಂತ್ರವನ್ನು ಕೆಲವೇ ಕಡೆ ಮಾತ್ರ ಮುಟ್ಟಿಸಿ ಹಿಡಿದಿಡುವ ಉಪಾಯ ಹೊಳೆಯಿತು. 1983ರಲ್ಲಿ ಜಿ-ಶಾಕ್ ಮಾರುಕಟ್ಟೆಗೆ ಬಂತು.

ನಮ್ಮ ಹಿರಿಯರ ಕೈಯಲ್ಲಿದ್ದುದು ಎಚ್‌ಎಂಟಿ. ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ಜನತಾ, ಪೈಲಟ್ ವಾಚುಗಳಲ್ಲಿ ತೂಗುಚಕ್ರದ ಸೂಜಿಯಂಥ ಅಚ್ಚನ್ನು ಕಾಯುವ ಪುಟ್ಟ ಸ್ಪ್ರಿಂಗ್ ಇರುತ್ತಿತ್ತು. ಮೇಜಿನಿಂದ ಬಿದ್ದರೆ ಉಳಿಯುತ್ತಿದ್ದವು. ಸುತ್ತಿಗೆ ಹಿಡಿದು ಕಲ್ಲು ಒಡೆಯುವ ಕೈಗೆ ಅವು ಹೇಳಿಮಾಡಿಸಿದವಲ್ಲ. ಅವುಗಳ ಅಕ್ರಿಲಿಕ್ ಗಾಜು ಮಾತ್ರ ಈ ನೆಲಕ್ಕೆ ವಿಚಿತ್ರವಾಗಿ ಹೊಂದುತ್ತಿತ್ತು: ಸುಲಭಕ್ಕೆ ಒಡೆಯುತ್ತಿರಲಿಲ್ಲ, ಗೀರಿದರೆ ಹಲ್ಲುಪೇಸ್ಟ್ ಹಚ್ಚಿ ತಿಕ್ಕುತ್ತಿದ್ದರು. ಎಷ್ಟೋ ಪೇಸ್ಟುಗಳಲ್ಲಿ ತಿಕ್ಕುವ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್, ಶಹಾಬಾದ್ ಕಲ್ಲಿನ ಮುಖ್ಯ ಪದಾರ್ಥವೂ ಅದೇ.

ಖನಿಜಗಳ ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಸುಣ್ಣಕಲ್ಲಿನ ಕ್ಯಾಲ್ಸೈಟ್‌ಗೆ 3, ಮಾಮೂಲಿ ವಾಚುಗಾಜಿಗೆ ಐದೂವರೆಯ ಆಸುಪಾಸು, ಮರಳಿನ ಕ್ವಾರ್ಟ್ಜ್‌ಗೆ 7, ಸಫೈರ್ ಗಾಜಿಗೆ 9. ಬರಿ ಸುಣ್ಣಕಲ್ಲಿನ ಧೂಳು ಮಾಮೂಲಿ ಗಾಜನ್ನು ಗೀರಲಾರದು, ಅದರೊಂದಿಗೆ ಬೆರೆತ ಮರಳು ಗೀರುತ್ತದೆ. ಹಾಗೆಂದು ದುಡ್ಡು ಸುರಿದು ಸಫೈರ್ ಕೊಳ್ಳಬೇಕೆಂದಿಲ್ಲ. ಅದು ಗೀರು ತಾಳುತ್ತದೆ, ಆದರೆ ಪೆಡಸು. ಕಲ್ಲಿನ ಮೂಲೆಗೆ ಬಡಿದರೆ ಸಿಡಿಯಬಹುದು. ಸುತ್ತಲಿನ ಅಂಚಿಗಿಂತ ತಗ್ಗಿನಲ್ಲಿ ಕೂರಿಸಿದ ಸಾದಾ ಗಾಜೇ ಗಣಿಯವರಿಗೆ ಲೇಸು. ವಾಚು ಹಗುರವಾಗಿರಲಿ, ಬೆಲ್ಟ್ ಪ್ಲಾಸ್ಟಿಕ್ಕಿನದೋ ಬಟ್ಟೆಯದೋ ಇರಲಿ. ಚರ್ಮದ್ದು ಬೆವರಿಗೆ ಕೊಳೆಯುತ್ತದೆ. ತಿರುಗುವ ಯಂತ್ರ, ಕೊಯ್ಯುವ ಗರಗಸದ ಹತ್ತಿರ ಮಾತ್ರ ಯಾವ ವಾಚೂ ಬೇಡ, ಬಿಚ್ಚಿ ಕಿಸೆಯಲ್ಲಿಡಿ. ಸ್ಟೀಲ್ ಚೈನು ಸಿಕ್ಕಿಕೊಂಡರೆ ಮಣಿಕಟ್ಟೇ ಹೋದೀತು.

ಕಲ್ಲು ಕೊಯ್ಯುವಾಗ ಹಾರುವ ಕೆಸರು ಗುಂಡಿಗಳ ಸಂದಿನಲ್ಲಿ ಒಣಗಿ ಗಟ್ಟಿಯಾಗುತ್ತದೆ. ಆಗ ಗುಂಡಿ ಒತ್ತಿದರೆ ಆ ಕಣಗಳೇ ಒಳಗಿನ ವಾಷರನ್ನು ತರಿಯುತ್ತವೆ. ಮೊದಲು ತೊಳೆದು ಆಮೇಲೆ ಒತ್ತಬೇಕು. ನಮ್ಮ ಬೋರಿನ ನೀರು ಗಡಸು; ತೊಳೆದ ಮೇಲೆ ಒರೆಸದಿದ್ದರೆ ಬಿಳಿ ಸುಣ್ಣ ಕೂರುತ್ತದೆ. ಡಿಜಿಟಲ್ ವಾಚಿನ ಪರದೆ ಕಾದು ಕಪ್ಪಾದರೆ ಗಾಬರಿ ಬೇಡ, ತಣ್ಣಗಾದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ವಾಚಿಗೆ ನೀರು ಹೊಗುವುದು ಎಷ್ಟೋ ಸಲ ಸೆಲ್ ಬದಲಿಸಿದ ಮೇಲೆ. ಮುಚ್ಚಳ ತೆಗೆದು ಹಾಕುವಾಗ ಹಳೆಯ ವಾಷರು ತಿರುಚಿಕೊಳ್ಳಬಹುದು. ಸೆಲ್ಲಿನ ಜೊತೆ ಹೊಸ ವಾಷರನ್ನೂ ಕೇಳಿ ಹಾಕಿಸಿ. ಊರಿನ ಅಂಗಡಿಯಲ್ಲಿ ಒತ್ತಡ ಪರೀಕ್ಷಿಸುವ ಯಂತ್ರ ಇಲ್ಲದಿದ್ದರೆ, ನೀರು ತಡೆಯುವ ಮಾನದಂಡದಲ್ಲೇ ಇರುವ ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ವಾಚು ಸುಮಾರು 40 ಡಿಗ್ರಿಗೆ ಬೆಚ್ಚಗಾದ ಮೇಲೆ ಗಾಜಿನ ಮೇಲೆ ಒಂದು ಹನಿ ತಣ್ಣೀರು ಹಾಕಿ, ಒಂದು ನಿಮಿಷ ಬಿಟ್ಟು ಒರೆಸಿ. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದ್ದರೆ ಒಳಗೆ ತೇವವಿದೆ. ಮಳೆಗಾಲದಲ್ಲಿ ಮುಚ್ಚಳ ತೆಗೆದಾಗ ಹೊಕ್ಕ ಗಾಳಿಯದೂ ಇರಬಹುದು, ಸೋರಿದ ನೀರೂ ಇರಬಹುದು. ಎರಡಕ್ಕೂ ಬಿಚ್ಚಿ ಒಣಗಿಸುವುದೇ ಮದ್ದು, ತುಕ್ಕು ಹಿಡಿಯುವ ಮೊದಲು, ಆದಷ್ಟು ಅದೇ ದಿನ.