ಎದೆಯೊಳಗಿನ ಎರಡು ಮೋಟರು

ಕಲ್ಹೇರ್, ನಾರಾಯಣಖೇಡ್, ಜಹೀರಾಬಾದಿನ ಹೊಲಗಳ ಕಡೆ ಮೋಟರಿನ ವಿಷಯ ಗೊತ್ತಿಲ್ಲದವರು ಕಡಿಮೆ. ಫುಟ್‌ವಾಲ್ವ್ ಕೆಟ್ಟರೆ ನೀರು ಮತ್ತೆ ಬಾವಿಗೇ ಇಳಿಯುತ್ತದೆ. ಪೈಪಿನಲ್ಲಿ ಕಸ ಸಿಕ್ಕಿದರೆ ಕೊನೆಯ ಮಡಿ ಒಣಗುತ್ತದೆ. ಹೃದಯದ ಕೆಲಸ ತಿಳಿಯಲು ಇಷ್ಟು ತಿಳಿವಳಿಕೆ ಸಾಕು, ಓದುಗರೇ.

ಮುಷ್ಟಿಯಷ್ಟು ದೊಡ್ಡದಾದ ನಮ್ಮ ಹೃದಯ ನಿಜವಾಗಿ ಒಂದಕ್ಕೊಂದು ಅಂಟಿಕೊಂಡ ಎರಡು ಪಂಪು. ಮೈಯೆಲ್ಲ ಸುತ್ತಿ ಬಂದ ರಕ್ತವನ್ನು ಬಲಭಾಗ ಶ್ವಾಸಕೋಶಕ್ಕೆ ಕಳುಹಿಸುತ್ತದೆ. ಅಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಎಡಭಾಗಕ್ಕೆ ಬರುತ್ತದೆ; ಎಡಭಾಗ ಅದನ್ನು ತಲೆಯಿಂದ ಕಾಲ್ಬೆರಳಿನವರೆಗೆ ದೂಡುತ್ತದೆ. ದೂರದ ಕೆಲಸ ಇದರದ್ದಾದ್ದರಿಂದ ಇದರ ಗೋಡೆಯೂ ದಪ್ಪ. ನಾಲ್ಕು ಕವಾಟಗಳು ರಕ್ತ ಹಿಂದಕ್ಕೆ ಹರಿಯದಂತೆ ಕಾಯುತ್ತವೆ. ವೈದ್ಯರು ಸ್ಟೆತಾಸ್ಕೋಪಿನಲ್ಲಿ ಕೇಳುವ ‘ಲಬ್-ಡಬ್’ ಎಂಬುದು ಈ ಬಾಗಿಲುಗಳು ಮುಚ್ಚುವ ಸದ್ದೇ.

ವಿಶ್ರಾಂತಿಯಲ್ಲಿರುವಾಗ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 70 ಬಡಿತ. ಅಂದರೆ ನಿಮಿಷಕ್ಕೆ 5 ಲೀಟರ್. ನಮ್ಮ ಮೈಯಲ್ಲಿರುವ ರಕ್ತವೇ ಹೆಚ್ಚುಕಡಿಮೆ ಅಷ್ಟು! ಊಟದಿಂದ ರಕ್ತ ಹುಟ್ಟಿ ಮೈಯಲ್ಲೇ ಖರ್ಚಾಗುತ್ತದೆ ಎಂದು ಯುರೋಪಿನಲ್ಲಿ ಶತಮಾನಗಳ ಕಾಲ ನಂಬಿದ್ದರು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವಿ ಹೀಗೆ ಲೆಕ್ಕ ಹಾಕಿ, ಇಷ್ಟು ರಕ್ತ ಊಟದಿಂದ ಹುಟ್ಟಲಾರದು, ಇದ್ದದ್ದೇ ಸುತ್ತುತ್ತಿರಬೇಕು ಎಂದು 1628ರಲ್ಲಿ ಪುಸ್ತಕ ಬರೆದ.

ವಿಚಿತ್ರವೆಂದರೆ, ತನ್ನೊಳಗೇ ಇಷ್ಟು ರಕ್ತ ಹರಿದರೂ ಹೃದಯದ ದಪ್ಪ ಮಾಂಸಖಂಡಕ್ಕೆ ಅದು ನೇರವಾಗಿ ದಕ್ಕುವುದಿಲ್ಲ. ಮಹಾಧಮನಿಯ ಬುಡದಲ್ಲಿ ಕವಲೊಡೆಯುವ ಸಣ್ಣ ರಕ್ತನಾಳಗಳೇ ಅದಕ್ಕೆ ಆಧಾರ. ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಹೃದಯಾಘಾತ. ಗಳಿಗೆ ಕಳೆದಂತೆ ಮಾಂಸಖಂಡ ಸಾಯುತ್ತಾ ಹೋಗುತ್ತದೆ.

ನಮ್ಮವರು ಇಲ್ಲಿಯೇ ಎಡವುವುದು. ಎದೆ ಒತ್ತಿದಂತಾಗಿ, ತಣ್ಣನೆ ಬೆವರು ಬಂದು, ಎಡಗೈಯೋ ದವಡೆಯೋ ನೋಯುತ್ತಿದ್ದರೂ ‘ಗ್ಯಾಸು’ ಎಂದು ಸೋಡಾ ಕುಡಿದು ಮಲಗುತ್ತೇವೆ. ಸಕ್ಕರೆ ಕಾಯಿಲೆ ಇದ್ದವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು ಕಾಣಿಸುವುದೂ ಉಂಟು. ಅಮ್ಮಂದಿರು ಅದನ್ನು ಯಾರಿಗೂ ಹೇಳುವುದೇ ಇಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲೇ ತೀರಿಕೊಂಡಾಗ ಕನ್ನಡಿಗರ ಮನೆಮನೆಯೂ ಬೆಚ್ಚಿತು. ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ 2024ರಲ್ಲಿ ‘ಹೃದಯ ಜ್ಯೋತಿ’ ಯೋಜನೆ ಆರಂಭಿಸಿತು. ತಾಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ದೂರದ ತಜ್ಞರು ನೋಡಿ ಹೇಳಿದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುವ ಏರ್ಪಾಡು ಇದು. ಎಲ್ಲರಿಗೂ ಅದು ಹೊಂದದು. ಹೊಂದುವವರಿಗೆ ಮೊದಲ ಎರಡು ಮೂರು ಗಂಟೆಗಳಲ್ಲಿ ಸಿಕ್ಕರೆ ಹೆಚ್ಚು ಫಲ.

ನಾರಾಯಣಖೇಡ್, ಜಹೀರಾಬಾದ್ 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದವು. ಈಗ ನಡುವೆ ರಾಜ್ಯದ ಗಡಿ. ಬೀದರವೋ ಸಂಗಾರೆಡ್ಡಿಯೋ ಹೈದರಾಬಾದೋ ಎಂದು ಅಣ್ಣತಮ್ಮಂದಿರು ಅಂಗಳದಲ್ಲಿ ಚರ್ಚಿಸುವ ಹೊತ್ತು ಅದಲ್ಲ. ಎರಡೂ ಕಡೆ 108 ಓಡುತ್ತದೆ. ರಾತ್ರಿಯೂ ಇ.ಸಿ.ಜಿ. ತೆಗೆಯುವ ಹತ್ತಿರದ ಆಸ್ಪತ್ರೆ ಯಾವುದೆಂದು ಇಂದೇ ಕೇಳಿಟ್ಟುಕೊಳ್ಳಿ. ಊರಿನಲ್ಲಿ ರಾತ್ರಿ ಹೊತ್ತು ಯಾರ ಜೀಪು ಸಿಗುತ್ತದೆ ಎಂಬುದನ್ನೂ.